ಹಳೇ ಕಂಪ್ಯೂಟರ್ ನೋಡಲು ಪುಟ್ಟ ಮ್ಯೂಸಿಯಂಗೆ ಹೋಗಬೇಕಾ, ಎಮ್ಯುಲೇಟರ್ ಸಾಕಾ?

ಎಮ್ಯುಲೇಟರ್ ಅಂದರೆ ಹಳೇ ಯಂತ್ರದ ಹಾಗೇ ನಡೆದುಕೊಳ್ಳುವ ಸಾಫ್ಟ್‌ವೇರ್. ಅದರಿಂದ ಮನೆಯ ಲ್ಯಾಪ್‌ಟಾಪಲ್ಲೇ ಹಳೇ ಕಂಪ್ಯೂಟರ್ ಓಡಿಸಬಹುದಾದಾಗ ಮ್ಯೂಸಿಯಂ ಯಾಕೆ ಅಂತ ಕೇಳಿದ್ದೀರಿ. ಕೇಳಬೇಕಾದ ಪ್ರಶ್ನೆಯೇ.

ಖರ್ಚು, ಸಮಯ ನೋಡಿದರೆ ಎಮ್ಯುಲೇಟರ್ ಮುಂದಿದೆ. ಹಲವು ಪುಕ್ಕಟೆ ಸಿಗುತ್ತವೆ, ಕೆಲವು ಬ್ರೌಸರಿನಲ್ಲೇ ಓಡುತ್ತವೆ. ಮ್ಯೂಸಿಯಂಗೆ ಟಿಕೆಟ್, ಓಡಾಟ ಎಲ್ಲ ಇದೆ. ಚಿಕ್ಕ ಮ್ಯೂಸಿಯಂಗಳು ದಿನಾ ತೆರೆದಿರುತ್ತವೆ ಅಂತಲೂ ಇಲ್ಲ, ಮೊದಲೇ ವಿಚಾರಿಸಿ.

ಕೈಗೆ ಸಿಗುವ ಅನುಭವದ ಮಾತು ಬೇರೆ. 1975ರ ಆಲ್ಟೇರ್ 8800 ಕಂಪ್ಯೂಟರಿಗೆ ಕೀಬೋರ್ಡೂ ಇರಲಿಲ್ಲ, ಪರದೆಯೂ ಇರಲಿಲ್ಲ. ಮುಂದೆ ಸಾಲಾಗಿ ಸ್ವಿಚ್ಚು, ಮೇಲೆ ಕೆಂಪು ದೀಪ, ಅಷ್ಟೇ. ಒಂದೊಂದೇ ಸ್ವಿಚ್ ಮೇಲೆ ಕೆಳಗೆ ಮಾಡಿ ಪ್ರೋಗ್ರಾಂ ತುಂಬಬೇಕಿತ್ತು. ಅದನ್ನು ಮೌಸಿನಲ್ಲಿ ಕ್ಲಿಕ್ ಮಾಡಿದರೆ ಏನು ಮಜಾ, ಅಲ್ವಾ? 1982ರ ಜ಼ಡ್‌ಎಕ್ಸ್ ಸ್ಪೆಕ್ಟ್ರಂನ ರಬ್ಬರ್ ಕೀ ಒತ್ತಿದಾಗ ಬೆರಳಿಗಾಗುವ ಆ ಮೆತ್ತಗಿನ ಅನುಭವವೂ ಹಾಗೆಯೇ. ಕ್ಯಾಸೆಟ್ಟಿನಿಂದ ಆಟ ಲೋಡ್ ಆಗುವಾಗಿನ ಕೀರಲು ಸದ್ದು ಕೇಳುತ್ತಾ ನಿಮಿಷಗಟ್ಟಲೆ ಕಾಯುವುದನ್ನು ಎಮ್ಯುಲೇಟರಲ್ಲಿ ಹೆಚ್ಚಿನವರು ಹಾರಿಸಿಬಿಡುತ್ತಾರೆ. ಆದರೆ ಎಲ್ಲ ಮ್ಯೂಸಿಯಂಗಳೂ ಮುಟ್ಟಲು ಬಿಡುವುದಿಲ್ಲ. ಗಾಜಿನೊಳಗೆ ಇಟ್ಟಿದ್ದರೆ ಈ ಲಾಭ ಅರ್ಧಕ್ಕರ್ಧ ಹೋಯಿತು.

ಕಲಿಯಲು? ಕಾಮೊಡೋರ್ 64 ಎಂಬ ಹಳೇ ಕಂಪ್ಯೂಟರಿನ ನೀಲಿ ಪರದೆ 38911 ಬೈಟ್ ಮೆಮೊರಿ ಖಾಲಿ ಇದೆ ಅನ್ನುತ್ತದೆ. ಅಷ್ಟರಲ್ಲೇ ಬೇಸಿಕ್ ಭಾಷೆಯಲ್ಲಿ ಪ್ರೋಗ್ರಾಂ ಬರೆದು, ತಪ್ಪಿ, ತಿದ್ದಬೇಕೆಂದರೆ ವಾರಗಟ್ಟಲೆ ಕೂರಬೇಕು. ಅದಕ್ಕೆ ಮನೆಯೇ ಸರಿ.

ಮಕ್ಕಳ ಜೊತೆ ಹೋಗುವವರು, ಹಿಂದೆ ಇಂಥ ಯಂತ್ರ ಬಳಸಿದ ಅಪ್ಪ ಅಮ್ಮನನ್ನು ಕರೆದೊಯ್ಯುವವರು ಮ್ಯೂಸಿಯಂಗೇ ಹೋಗಿ. ಸುಮ್ನೆ ಹಳೇ ಆಟ ಆಡಬೇಕು ಅಂತಿದ್ದರೆ ಅಷ್ಟು ದೂರ ಹೋಗಬೇಡಿ.