ನೆಲಮಾಳಿಗೆಗೆ ಮರಳಿ ನುಗ್ಗುವ ಗಟಾರದ ನೀರು: ಬಿರಡೆ, ವಾಲ್ವ್ ಮತ್ತು ಪಂಪ್

ದೊಡ್ಡ ಮಳೆ ಸುರಿದಾಗ ಮಳೆನೀರು ಒಳಚರಂಡಿಗೂ ಸೇರಿ ರಸ್ತೆಯ ಪೈಪು ಕಟ್ಟಿಕೊಂಡರೆ, ಮ್ಯಾನ್‌ಹೋಲಿನ ಮುಚ್ಚಳದ ಮಟ್ಟಕ್ಕಿಂತ ಕೆಳಗಿರುವ, ನೆಲದ ನೀರು ಹೋಗುವ ಯಾವ ಜಾಲರಿಯಿಂದಲಾದರೂ ಹೊಲಸು ಮೇಲೇಳಬಹುದು. ಹುಬ್ಬಳ್ಳಿಯ ವಿದ್ಯಾನಗರದ ನಮ್ಮ ಮನೆಯ ನೆಲಮಾಳಿಗೆಯಲ್ಲಿ ಇದನ್ನು ತಡೆಯಲು ಮೂರು ಉಪಾಯಗಳನ್ನು ಬಳಸಿ ನೋಡಿದ್ದೇನೆ.

ತಿರುಪು ಬಿಗಿದರೆ ಉಬ್ಬಿ ಪೈಪಿಗೆ ಕಚ್ಚಿಕೊಳ್ಳುವ ರಬ್ಬರಿನ ಬಿರಡೆ ಎಲ್ಲಕ್ಕಿಂತ ಅಗ್ಗ. ಆದರೆ ನಾಲ್ಕು ಇಂಚಿನ ಪೈಪಿನಲ್ಲಿ ಒಂದು ಮೀಟರ್ ಎತ್ತರಕ್ಕೆ ನೀರು ನಿಂತರೆ ಅದರ ಮೇಲೆ ಸುಮಾರು 8 ಕಿಲೋ ಒತ್ತಡ ಬೀಳುತ್ತದೆ. ಪೈಪಿನ ಒಳಗೆ ಜಿಡ್ಡಿದ್ದರೆ ಜಾರದೆ ಇರದು. ಮನೆಗೆ ಬೀಗ ಹಾಕಿ ಊರಿಗೆ ಹೋಗುವಾಗ ಇಷ್ಟು ಸಾಕು.

ನಾನ್-ರಿಟರ್ನ್ ವಾಲ್ವಿನ ಒಳಬಾಗಿಲು ಹೊರಮುಖವಾಗಿ ಮಾತ್ರ ತೆರೆಯುವುದರಿಂದ ಹಿಂದಿರುಗುವ ನೀರೇ ಅದನ್ನು ಮುಚ್ಚುತ್ತದೆ. ಎಲ್ಲವೂ ನಿಂತಿರುವುದು ಅದನ್ನು ಕೂರಿಸುವ ಜಾಗದ ಮೇಲೆ. ಕೆಲಸ ಸುಲಭವೆಂದು ಪ್ಲಂಬರುಗಳು ಮನೆಯ ಪೈಪುಗಳೆಲ್ಲ ಕೂಡುವ ಕೊನೆಯ ಚೇಂಬರಿನಲ್ಲೇ ಹಾಕಿಬಿಡುತ್ತಾರೆ. ಆಗ ವಾಲ್ವ್ ಮುಚ್ಚಿರುವಾಗ ಮಹಡಿಯಲ್ಲಿ ಯಾರಾದರೂ ಸ್ನಾನಕ್ಕೆ ಇಳಿದರೆ, ಆ ನೀರಿಗೆ ಹೊರದಾರಿಯಿಲ್ಲದೆ ನೆಲಮಾಳಿಗೆಗೇ ಬರುತ್ತದೆ. ಆದ್ದರಿಂದ ನಾವು ನೆಲಮಾಳಿಗೆಯ ಕವಲಿಗೆ ಮಾತ್ರ ವಾಲ್ವ್ ಕೂರಿಸಿ, ಮೇಲಿನ ಮಹಡಿಗಳ ಪೈಪನ್ನು ಅದರಾಚೆ ಜೋಡಿಸಿದೆವು. ಮಳೆಗಾಲಕ್ಕೆ ಮುಂಚೆ ಮುಚ್ಚಳ ಬಿಚ್ಚಿ ನೋಡಿದರೆ, ಕೀಲಿಗೆ ತಲೆಗೂದಲೂ ಪಾತ್ರೆ ತಿಕ್ಕುವ ತೆಂಗಿನ ನಾರೂ ಸುತ್ತಿಕೊಂಡು, ಬಾಗಿಲು ಉಗುರಿನ ದಪ್ಪದಷ್ಟು ತೆರೆದೇ ನಿಂತಿತ್ತು. ಅಷ್ಟು ಸಂದಿಯೇ ಸಾಕು, ರಾತ್ರಿ ಬೆಳಗಾಗುವುದರೊಳಗೆ ನೆಲವೆಲ್ಲ ಕೆಸರು. ನಮ್ಮ ಕಡೆಯ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಚೇಂಬರಿನ ಅಡಿಗೆ ಗರಸು ತುಂಬಿಸಿ, ಪೈಪಿನ ಇಳಿಜಾರನ್ನು ಆಗಾಗ ರಸಮಟ್ಟ ಇಟ್ಟು ನೋಡುವುದು ಒಳ್ಳೆಯದು.

ಮೂರನೆಯದು, ಗುಂಡಿಯಲ್ಲಿ ಕೂಡಿದ ಹೊಲಸನ್ನು ರಸ್ತೆಯ ಮಟ್ಟಕ್ಕಿಂತ ಮೇಲಕ್ಕೆ ಎತ್ತಿ, ಅಲ್ಲಿಂದ ಬಾಗಿಸಿ ಗಟಾರಕ್ಕೆ ಬಿಡುವ ಪಂಪು. ಗಟಾರ ತುಂಬಿದ್ದರೂ ಕೆಲಸ ಮಾಡುವುದು ಇದೊಂದೇ. ಮಿಕ್ಕೆರಡರಲ್ಲಿ ನೀರು ಇಳಿಯುವ ತನಕ ಕೆಳಗಿನ ನಲ್ಲಿ ಮುಟ್ಟುವಂತಿಲ್ಲ. ಆದರೆ ಗುಡುಗಿದ ಕೂಡಲೇ ಕರೆಂಟೂ ಹೋಗುತ್ತದೆ, ಒಂದು ಎಚ್‌ಪಿ ಮೋಟಾರು ಶುರುವಾಗುವಾಗ ಎಳೆಯುವ ಹೆಚ್ಚುವರಿ ಕರೆಂಟನ್ನು ಮನೆಯ ಸಣ್ಣ ಇನ್ವರ್ಟರು ತಾಳುವುದಿಲ್ಲ. ಬಟ್ಟೆಯ ಚೂರು ಸಿಕ್ಕರೆ ಪಂಪೂ ಕಟ್ಟಿಕೊಳ್ಳುತ್ತದೆ.

ನೆಲಮಾಳಿಗೆಯಲ್ಲಿ ಬರೀ ಜಾಲರಿಯಿದ್ದರೆ ನನ್ನ ಆಯ್ಕೆ ವಾಲ್ವ್. ಶೌಚಾಲಯವೂ ಇದ್ದರೆ, ಜನರೇಟರಿನ ಖರ್ಚು ಸೇರಿಸಿಕೊಂಡಾದರೂ ಪಂಪನ್ನೇ ಹಾಕಿಸಬೇಕು. ಸಾಮಾನು, ಬೈಕು ಇಡುವುದಕ್ಕಷ್ಟೇ ಬಳಸುವವರು ಆ ಜಾಲರಿಯನ್ನೇ ಕಾಂಕ್ರೀಟಿನಿಂದ ಮುಚ್ಚಿಸಿಬಿಡಬಹುದು. ನೆಲ ತೊಳೆದ ನೀರನ್ನು ಬಕೆಟಿನಲ್ಲಿ ಮೇಲೆ ಒಯ್ಯುವುದೊಂದೇ ಆಗ ಉಳಿಯುವ ತಾಪತ್ರಯ.