ಕುಂಡದಲ್ಲಿ ನಾಲ್ಕು ಸೊಪ್ಪು: ಕೊತ್ತಂಬರಿ, ಪುದೀನ, ದೊಡ್ಡಪತ್ರೆ, ಒಂದೆಲಗ

ಬೆಂಗಳೂರಿನ ಬಾಲ್ಕನಿಯಲ್ಲಿ ಹತ್ತು ಕುಂಡ ಇಟ್ಟರೆ ಬಟ್ಟೆ ಒಣಗಿಸಲು ಜಾಗ ಉಳಿಯುವುದಿಲ್ಲ. ಆದ್ದರಿಂದ ಯಾವ ಸೊಪ್ಪಿಗೆ ಕುಂಡ ಕೊಡಬೇಕು, ಯಾವುದನ್ನು ಸೊಪ್ಪಿನವರಿಂದಲೇ ಕೊಳ್ಳಬೇಕು ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳುವುದು ಒಳ್ಳೆಯದು. ಕೊತ್ತಂಬರಿ, ಪುದೀನ, ದೊಡ್ಡಪತ್ರೆ, ಒಂದೆಲಗ ಈ ನಾಲ್ಕನ್ನೂ ನಾನು ಬಸವನಗುಡಿಯ ನಮ್ಮ ಮನೆಯ ಪೂರ್ವ ದಿಕ್ಕಿನ ಬಾಲ್ಕನಿಯಲ್ಲೂ ತಾರಸಿಯ ಮೇಲೂ, ಒಂದೇ ಬಗೆಯ ಮಣ್ಣಿನಲ್ಲಿ, ಬೇಸಿಗೆ, ಮಳೆ, ಚಳಿ ಮೂರೂ ಕಾಲಗಳಲ್ಲಿ ಬೆಳೆಸಿ, ಅಡುಗೆಗೆ ಬಳಸಿ ನೋಡಿದ್ದೇನೆ. ಒಮ್ಮೆ ನೆಟ್ಟರೆ ಎಷ್ಟು ಕಾಲ ಎಲೆ ಕೊಡುತ್ತದೆ, ಇಲ್ಲಿಯ ಹವೆಯನ್ನು ಹೇಗೆ ತಾಳಿಕೊಳ್ಳುತ್ತದೆ, ಅಷ್ಟೇ ಒಳ್ಳೆಯ ಸೊಪ್ಪು ಪೇಟೆಯಲ್ಲಿ ಸಿಗುತ್ತದೆಯೇ ಎಂಬ ಮೂರು ಪ್ರಶ್ನೆಗಳನ್ನು ಇಟ್ಟುಕೊಂಡು ಹೋಲಿಸಿದ್ದೇನೆ. ಇವುಗಳಲ್ಲಿ ಮೂರನೆಯ ಪ್ರಶ್ನೆಗೇ ಹೆಚ್ಚು ತೂಕ ಕೊಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಹಾಗೆ ತೂಗಿದರೆ ಬಹುಪಾಲು ಮನೆಗಳಲ್ಲಿ ಮೊದಲು ಬಿತ್ತುವ ಕೊತ್ತಂಬರಿ ಕೊನೆಯ ಸ್ಥಾನಕ್ಕೆ ಇಳಿಯುತ್ತದೆ, ದೊಡ್ಡಪತ್ರೆ ಮತ್ತು ಒಂದೆಲಗ ಮುಂದೆ ಬರುತ್ತವೆ.

ಮಣ್ಣಿನ ವಿಷಯ ಸರಳ. ಕೆಂಪು ಮಣ್ಣು, ತೆಂಗಿನ ನಾರಿನ ಪುಡಿ, ಚೆನ್ನಾಗಿ ಕಳಿತ ಸಗಣಿ ಗೊಬ್ಬರ ಅಥವಾ ಎರೆಗೊಬ್ಬರ ಇವುಗಳನ್ನು ಸಮಪಾಲು ಬೆರೆಸಿದರೆ ನಾಲ್ಕಕ್ಕೂ ಸಾಕಾಗುತ್ತದೆ. ದೊಡ್ಡಪತ್ರೆಗೆ ಮಾತ್ರ ನಾರಿನ ಪುಡಿಯನ್ನು ಕಡಿಮೆ ಮಾಡಿ ಒಂದು ಪಾಲು ದಪ್ಪ ಮರಳು ಸೇರಿಸುತ್ತೇನೆ.

ಕೊತ್ತಂಬರಿಯ ಮೇಲೆ ಎಲ್ಲರಿಗೂ ಇರುವ ಪ್ರೀತಿ ನನಗೂ ಇದೆ. ಸಾರಿಗೆ, ಚಿತ್ರಾನ್ನಕ್ಕೆ, ಕೋಸಂಬರಿಗೆ ಕೊನೆಯಲ್ಲಿ ಉದುರಿಸಲು ಒಂದು ಹಿಡಿ ಸೊಪ್ಪು ಕೈಗೆಟುಕುವಂತಿರಬೇಕು ಎನಿಸುವುದು ಸಹಜ. ಆದರೆ ನಾಲ್ಕರಲ್ಲಿ ಅತಿ ಹೆಚ್ಚು ಕೆಲಸ ಕೇಳುವುದೂ ಇದೇ. ಒಂದು ಕಾಳಿನೊಳಗೆ ಎರಡು ಬೀಜಗಳಿರುವುದರಿಂದ ಲಟ್ಟಣಿಗೆಯಿಂದ ಮೆಲ್ಲಗೆ ಒತ್ತಿ ಇಬ್ಭಾಗ ಮಾಡಿ, ಒಂದು ರಾತ್ರಿ ನೆನೆಸಿ, ಒಂದು ಸೆಂಟಿಮೀಟರಿನಷ್ಟು ಆಳದಲ್ಲಿ ಬಿತ್ತಬೇಕು. ಮೊಳಕೆ ಕಾಣಲು ಒಂದರಿಂದ ಎರಡು ವಾರ ಬೇಕು. ತಾಯಿಬೇರು ನೇರವಾಗಿ ಕೆಳಗಿಳಿಯುವುದರಿಂದ ಸಸಿಯನ್ನು ಕಿತ್ತು ಬೇರೆಡೆ ನೆಡಲು ಆಗುವುದಿಲ್ಲ. ಬಿತ್ತಿದ ಮೇಲೆ ಕೊಯ್ಯಲು ಮೂವತ್ತೈದು ನಲವತ್ತು ದಿನ ಕಾಯಬೇಕು. ಅಡಿಗೆ ಅಡಿ ಅಗಲದ ಒಂದು ಕುಂಡ ಅಷ್ಟು ಕಾಲ ಕಾದು ಕೊಡುವುದು ಗಾಂಧಿ ಬಜಾರಿನ ಒಂದು ಸಣ್ಣ ಕಟ್ಟಿಗಿಂತ ಹೆಚ್ಚೇನಲ್ಲ.

ಇನ್ನು ಹವೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ಊರಿನ ತಂಪು ನವೆಂಬರಿನಿಂದ ಫೆಬ್ರುವರಿಯವರೆಗೆ ಕೊತ್ತಂಬರಿಗೆ ಹೇಳಿ ಮಾಡಿಸಿದಂತಿರುತ್ತದೆ, ಆಗ ಬೆಳೆದ ಸೊಪ್ಪಿನ ಘಮ ನಿಜಕ್ಕೂ ಬೇರೆ. ಮಾರ್ಚ್ ತಿಂಗಳ ಬಿಸಿಲು ಏರಿತೆಂದರೆ ಗಿಡ ಎಲೆ ಬಿಡುವುದನ್ನು ನಿಲ್ಲಿಸಿ ನಡುವೆ ದಂಟೆತ್ತುತ್ತದೆ. ಅಗಲವಾಗಿದ್ದ ಎಲೆಗಳು ಸಬ್ಬಸಿಗೆಯಂತೆ ಸೀಳಿಕೊಂಡು ನಾರಾಗುತ್ತವೆ, ಹೂ ಬಂದ ಮೇಲೆ ಸೊಪ್ಪಿನ ಆಸೆ ಬಿಡಬೇಕು. ಆ ಗಿಡವನ್ನು ಕಿತ್ತೆಸೆಯದೆ ಬಿಟ್ಟರೆ ಬಿಳಿ ಹೂವಿಗೆ ಜೇನ್ನೊಣಗಳು ಬರುತ್ತವೆ, ಬಲಿಯದ ಹಸಿರು ಕಾಳನ್ನು ಜಜ್ಜಿ ಸಾರಿಗೆ ಹಾಕಿದರೆ ಎಲೆಗೂ ಒಣ ಕಾಳಿಗೂ ಇಲ್ಲದ, ನಿಂಬೆಗೆ ಹತ್ತಿರವಾದ ಪರಿಮಳ ಸಿಗುತ್ತದೆ. ಸೊಪ್ಪಿನವರ ಬಳಿ ಸಿಗದ ಇದೊಂದಕ್ಕಾಗಿ ಚಳಿಗಾಲದಲ್ಲಿ ಒಂದು ಕುಂಡ ಬಿತ್ತುವುದನ್ನು ನಾನು ಬಿಟ್ಟಿಲ್ಲ. ಬಿತ್ತಲೇಬೇಕೆಂದಿರುವವರು ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಇಶಾ ತಳಿಯನ್ನು ಹುಡುಕಿ ತರುವುದು ಮೇಲು. ಅದು ಬುಡದಿಂದ ಕಿತ್ತುಹಾಕದೆ ಮತ್ತೆ ಮತ್ತೆ ಕೊಯ್ಯಲೆಂದೇ ಅಭಿವೃದ್ಧಿಪಡಿಸಿದ ತಳಿ. ಅಡುಗೆಮನೆಯ ಡಬ್ಬಿಯ ಧನಿಯ ಮೊಳೆಯುತ್ತದೆಯಾದರೂ ಹಳೆಯ ಕಾಳಾಗಿದ್ದರೆ ಅಲ್ಲೊಂದು ಇಲ್ಲೊಂದು ಮೊಳೆತು ಕುಂಡ ಬೋಳಾಗಿಯೇ ಉಳಿಯುತ್ತದೆ.

ಪುದೀನ ಇದಕ್ಕೆ ತೀರ ವಿರುದ್ಧ ಸ್ವಭಾವದ್ದು. ಬೀಜದ ಗೊಡವೆಯೇ ಇಲ್ಲ. ಪೇಟೆಯಿಂದ ತಂದ ಕಟ್ಟಿನಲ್ಲಿ ದಪ್ಪನೆಯ ಕಡ್ಡಿಗಳನ್ನು ಆರಿಸಿ, ಕೆಳಗಿನ ಎಲೆ ಬಿಡಿಸಿ ಚಟ್ನಿಗೆ ಹಾಕಿಕೊಂಡು, ಕಡ್ಡಿಯನ್ನು ನೀರಿನ ಲೋಟದಲ್ಲಿ ಇಟ್ಟರೆ ಒಂದು ವಾರದ ಆಸುಪಾಸಿನಲ್ಲಿ ಗೆಣ್ಣುಗಳಿಂದ ಬಿಳಿ ಬೇರು ಒಡೆಯುತ್ತದೆ. ಅಗಲವಾದ, ಹೆಚ್ಚು ಆಳವಿಲ್ಲದ ತೊಟ್ಟಿಯಲ್ಲಿ ನೆಟ್ಟು ಬೆಳಗಿನ ಬಿಸಿಲು ಬೀಳುವಲ್ಲಿ ಇಟ್ಟರೆ ತಿಂಗಳೊಪ್ಪತ್ತಿನಲ್ಲಿ ತೊಟ್ಟಿ ತುಂಬುತ್ತದೆ. ಬೇರೆ ಯಾವ ಗಿಡದೊಡನೆಯೂ ಇದನ್ನು ಒಂದೇ ಕುಂಡದಲ್ಲಿ ನೆಡಬಾರದು, ನೆಲದೊಳಗೆ ಹಬ್ಬುವ ಬಳ್ಳಿ ಪಕ್ಕದ ಗಿಡವನ್ನು ಉಳಿಸುವುದಿಲ್ಲ. ವರ್ಷ ಕಳೆಯುವಷ್ಟರಲ್ಲಿ ಈ ಬಳ್ಳಿಗಳು ಕುಂಡದ ಅಂಚಿನುದ್ದಕ್ಕೂ ಸುತ್ತಿಕೊಂಡು ನಡುಭಾಗ ಬೋಳಾಗುತ್ತದೆ, ಆಗ ಎಲ್ಲವನ್ನೂ ಕಿತ್ತು, ಎಳೆಯ ತುಂಡುಗಳನ್ನು ಹೊಸ ಮಣ್ಣಿನಲ್ಲಿ ನೆಡಬೇಕು. ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಎಲೆಯ ಮೇಲೆ ಸಣ್ಣ ತಿಳಿ ಚುಕ್ಕೆಗಳು ಕಂಡರೆ ಎಲೆ ಮಗುಚಿ ನೋಡಿ: ಅಡಿಯಲ್ಲಿ ಸೂಕ್ಷ್ಮವಾದ ಬಲೆಯೂ ಕೆಂಪು ನುಸಿಯೂ ಇರುತ್ತವೆ. ಅವಕ್ಕೆ ಒಣ ಹವೆಯೇ ಅನುಕೂಲವಾದ್ದರಿಂದ ನಲ್ಲಿಯ ನೀರನ್ನು ಎಲೆಯ ಅಡಿಗೆ ರಭಸವಾಗಿ ಹಾಯಿಸಿ ತೊಳೆಯುವುದೇ ಮನೆಯ ಮಟ್ಟಿಗೆ ಸಾಕಾದ ಉಪಾಯ. ಪಲಾವಿಗೆ ಕಟ್ಟುಗಟ್ಟಲೆ ಬೇಕಾದಾಗ ನಾನು ಈಗಲೂ ಪೇಟೆಯಿಂದಲೇ ತರುತ್ತೇನೆ. ಮಜ್ಜಿಗೆಗೆ ನಾಲ್ಕು ಎಲೆ, ಚಹಾಕ್ಕೆ ಎರಡು ಕುಡಿ ಎಂಬ ದಿನದ ಬಳಕೆಗೆ ಮಾತ್ರ ಮನೆಯ ಪುದೀನಕ್ಕೆ ಸಾಟಿಯಿಲ್ಲ.

ದೊಡ್ಡಪತ್ರೆ ನನ್ನ ಮೊದಲ ಆಯ್ಕೆ. ಇದರ ಎಲೆ ದಪ್ಪ, ರಸಭರಿತ, ಮೇಲೆಲ್ಲ ನವಿರಾದ ರೋಮ. ತೊಟ್ಟು ಎಷ್ಟು ಪೆಡಸೆಂದರೆ ಬೆರಳು ತಾಗಿದರೆ ಟಕ್ಕನೆ ಮುರಿಯುತ್ತದೆ. ಹಾಗೆ ಮುರಿದ ಗೇಣುದ್ದದ ತುಂಡನ್ನು ಒಂದು ದಿನ ನೆರಳಿನಲ್ಲಿ ಬಿಟ್ಟು, ಕತ್ತರಿಸಿದ ಭಾಗ ಒಣಗಿದ ಮೇಲೆ ಮಣ್ಣಿಗೆ ಚುಚ್ಚಿದರೆ ಸಾಕು, ಚಿಗುರುತ್ತದೆ. ನೆರೆಮನೆಯಲ್ಲಿ ಒಂದು ಗಿಡವಿದ್ದರೆ ನರ್ಸರಿಗೆ ಹೋಗುವ ಅಗತ್ಯವೇ ಇಲ್ಲ. ಎಲೆಯಲ್ಲೇ ನೀರು ಹಿಡಿದಿಟ್ಟುಕೊಳ್ಳುವುದರಿಂದ ಊರಿಗೆ ಹೋಗಿ ಒಂದು ವಾರ ಬಿಟ್ಟು ಬಂದರೂ ಬದುಕಿರುತ್ತದೆ. ಅದನ್ನು ಕೊಲ್ಲುವುದು ಅತಿಯಾದ ನೀರು ಮಾತ್ರ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಮಳೆಗೆ ತಾರಸಿಯಲ್ಲಿ ತೆರೆದಿಟ್ಟ ಗಿಡದ ಬುಡ ಕಪ್ಪಾಗಿ ಕೊಳೆಯುತ್ತದೆ, ಸೂರಿನ ಕೆಳಗಿಟ್ಟದ್ದು ಆರೋಗ್ಯವಾಗಿರುತ್ತದೆ. ಬಿಸಿಲಿನ ಪ್ರಮಾಣ ಎಲೆಯನ್ನೇ ಬದಲಿಸುತ್ತದೆ: ತಾರಸಿಯ ಪೂರ್ತಿ ಬಿಸಿಲಿನಲ್ಲಿ ಎಲೆ ಚಿಕ್ಕದಾಗಿ, ಹಳದಿ ಛಾಯೆ ತಳೆದು ಖಾರವಾಗುತ್ತದೆ, ಬಾಲ್ಕನಿಯ ಅರೆನೆರಳಿನಲ್ಲಿ ಅಂಗೈಯಗಲ ಬೆಳೆದು ಮೃದುವಾಗಿರುತ್ತದೆ. ಬಜ್ಜಿಗೆ ಎರಡನೆಯದು, ತಂಬುಳಿಗೆ ಮೊದಲನೆಯದು ಒಳ್ಳೆಯದು.

ತಂಬುಳಿಯನ್ನು ಹೀಗೆ ಮಾಡುತ್ತೇನೆ. ಹತ್ತು ಹನ್ನೆರಡು ಎಲೆಗಳನ್ನು ಹೆಚ್ಚಿ, ಚಮಚ ತುಪ್ಪದಲ್ಲಿ ಜೀರಿಗೆಯೂ ಏಳೆಂಟು ಕಾಳುಮೆಣಸೂ ಸಿಡಿದ ಮೇಲೆ ಹಾಕಿ ಬಾಡಿಸುತ್ತೇನೆ. ಮೊದಲು ಎಲೆ ನೀರು ಬಿಡುತ್ತದೆ, ಬಾಣಲೆಯಿಂದ ಓಮದ ವಾಸನೆ ಗಾಢವಾಗಿ ಏಳುತ್ತದೆ. ಥೈಮಾಲ್, ಕಾರ್ವಕ್ರಾಲ್ ಎಂಬ ಎಣ್ಣೆಯಂಶಗಳು ಈ ಎಲೆಯಲ್ಲಿರುವುದೇ ಆ ವಾಸನೆಗೆ ಕಾರಣ. ನೀರಿನಂಶ ಆರಿ ಎಲೆಯ ಬಣ್ಣ ಮಾಸಿದಾಗ ಇಳಿಸಿ, ತಣಿದ ಮೇಲೆ ಹಿಡಿ ತೆಂಗಿನತುರಿಯೊಡನೆ ನುಣ್ಣಗೆ ರುಬ್ಬಿ, ಹುಳಿಯಿಲ್ಲದ ಮಜ್ಜಿಗೆಗೆ ಕದಡಿ, ಸಾಸಿವೆ, ಒಣಮೆಣಸಿನ ಒಗ್ಗರಣೆ ಕೊಡುತ್ತೇನೆ. ಎಲೆ ಪೂರ್ತಿ ಬಾಡದಿದ್ದರೆ ಒಗರು ಉಳಿಯುತ್ತದೆ. ನೆಗಡಿಯಾದಾಗ ಎಲೆಯನ್ನು ಕೆಂಡ ಅಥವಾ ಹೆಂಚಿನ ಮೇಲೆ ಬಾಡಿಸಿ ಹಿಂಡಿದ ರಸಕ್ಕೆ ಜೇನು ಬೆರೆಸಿ ಕೊಡುವ ರೂಢಿ ನಮ್ಮ ಮನೆಗಳಲ್ಲಿ ಇದೆ. ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನನ್ನು ಯಾವ ಕಾರಣಕ್ಕೂ ಕೊಡಬಾರದು ಎಂಬುದನ್ನು ಮನೆಯ ಹಿರಿಯರಿಗೂ ತಿಳಿಸಿ ಹೇಳಬೇಕು.

ಪೇಟೆಯ ಸೊಪ್ಪಿನ ರಾಶಿಯಲ್ಲಿ ದೊಡ್ಡಪತ್ರೆ ಅಪರೂಪ, ಸಿಕ್ಕರೂ ಎಲೆ ಮುರಿದು ಅಂಚು ಕಪ್ಪಾಗಿರುತ್ತದೆ. ಒಂದೆಲಗದ್ದು ಬೇರೆ ಸಮಸ್ಯೆ. ಗಾಂಧಿ ಬಜಾರಿನಲ್ಲೂ ಮಲ್ಲೇಶ್ವರದಲ್ಲೂ ಅದು ಆಗಾಗ ಸಿಗುತ್ತದೆ. ಆದರೆ ಇದು ಗದ್ದೆಯ ಬದು, ಕಾಲುವೆಯ ಅಂಚು ಎಂದು ನೀರು ನಿಲ್ಲುವಲ್ಲೆಲ್ಲ ನೆಲಕ್ಕಂಟಿಕೊಂಡು ಬೆಳೆಯುವ ಸೊಪ್ಪು. ತಂಬುಳಿಗೂ ಚಟ್ನಿಗೂ ಅದನ್ನು ಬೇಯಿಸದೆ ಹಸಿಯಾಗಿಯೇ ಅರೆಯುತ್ತೇವೆ. ಯಾವ ನೀರಿನಲ್ಲಿ ಬೆಳೆದದ್ದೆಂದು ತಿಳಿಯದ ಹಸಿ ಸೊಪ್ಪನ್ನು ಮಕ್ಕಳ ಬಟ್ಟಲಿಗೆ ಹಾಕಲು ನನಗೆ ಮನಸ್ಸು ಒಪ್ಪುವುದಿಲ್ಲ. ಮನೆಯಲ್ಲಿ ಬೆಳೆಯಲು ಇದಕ್ಕಿಂತ ಬಲವಾದ ಕಾರಣ ಮತ್ತೊಂದು ಸೊಪ್ಪಿಗೆ ಇಲ್ಲ.

ಕೊಳ್ಳುವಾಗ ಗುಂಡನೆಯ, ತೊಟ್ಟಿನ ಬಳಿ ಸೀಳಿರುವ ಎಲೆಯನ್ನು ನೋಡಿ ಆರಿಸಬೇಕು. ಬ್ರಾಹ್ಮಿ ಎಂದು ಕೇಳಿದರೆ ಪುಟ್ಟ ದಪ್ಪ ಎಲೆಗಳ ನೀರುಬ್ರಾಹ್ಮಿಯನ್ನು ಕೊಡುವುದೂ ಉಂಟು, ಅದು ತಂಬುಳಿಗೆ ಆಗದು. ಒಂದು ಗೇಣು ಆಳದ ಅಗಲವಾದ ತೊಟ್ಟಿ, ಅರೆನೆರಳು, ಎಂದೂ ಆರದ ಪಸೆ ಇಷ್ಟಿದ್ದರೆ ಬಳ್ಳಿ ಗೆಣ್ಣು ಗೆಣ್ಣಿಗೂ ಬೇರೂರುತ್ತ ಮಣ್ಣು ಕಾಣದಂತೆ ಹಬ್ಬುತ್ತದೆ. ಬೇಸಿಗೆಯಲ್ಲಿ ಎರಡು ಹೊತ್ತು ನೀರು ಬೇಕು ಎಂಬುದೇ ಇದರ ದೊಡ್ಡ ಕೊರತೆ, ಊರಿಗೆ ಹೋಗಿ ಬರುವವರಿಗೆ ಇದು ಹೇಳಿದ ಗಿಡವಲ್ಲ. ಮಳೆಗಾಲದಲ್ಲಿ ಬಸವನಹುಳು ಹತ್ತುತ್ತದೆ, ಕತ್ತಲಾದ ಮೇಲೆ ದೀಪ ಹಿಡಿದು ಆರಿಸಬೇಕು. ಬಲಿತ ಎಲೆ ಕಹಿ, ನಾರು ಹೆಚ್ಚು, ಆದ್ದರಿಂದ ವಾರಕ್ಕೊಮ್ಮೆಯಾದರೂ ಕೊಯ್ಯುತ್ತಿದ್ದರೆ ಎಳೆಯ ಎಲೆ ಬರುತ್ತಲೇ ಇರುತ್ತದೆ. ಜ್ಞಾಪಕಶಕ್ತಿಗೆ ಒಳ್ಳೆಯದೆಂಬ ಹಳೆಯ ನಂಬಿಕೆಯಿಂದ ಬೆಳೆಸುವವರಿದ್ದಾರೆ. ನಾನು ಬೆಳೆಸುವುದು ಊಟದ ರುಚಿಗೆ, ಔಷಧವಾಗಿ ಸೇವಿಸುವವರು ಪ್ರಮಾಣವನ್ನು ವೈದ್ಯರಿಂದ ತಿಳಿಯಬೇಕು.

ನೀರಿನ ಗುಣವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಕೊಳವೆಬಾವಿಯ ಗಡಸು ನೀರು ಹಾಕುವ ಮನೆಗಳಲ್ಲಿ ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟುತ್ತದೆ. ದಿನವೂ ನೀರು ಕೇಳುವ ಒಂದೆಲಗ, ಪುದೀನಗಳಲ್ಲಿ ಎಲೆಯ ಅಂಚು ಕಂದಾಗುವುದು ಬೇಗ ಕಾಣುತ್ತದೆ, ದೊಡ್ಡಪತ್ರೆಯಲ್ಲಿ ಕಾಣುವುದು ಕಡಿಮೆ. ಮಳೆನೀರು ಹಿಡಿದಿಟ್ಟು ತಿಂಗಳಿಗೊಮ್ಮೆ ತಳದಿಂದ ಹರಿದುಹೋಗುವಷ್ಟು ಹಾಕಿದರೆ ಮಣ್ಣು ತಿಳಿಯಾಗುತ್ತದೆ.

ಹೊಸದಾಗಿ ತೊಡಗುವವರು ದೊಡ್ಡಪತ್ರೆಯ ತುಂಡನ್ನೂ ಒಂದೆಲಗದ ಬಳ್ಳಿಯನ್ನೂ ಜೂನ್ ತಿಂಗಳಲ್ಲಿ ನೆಡಬಹುದು, ಮೋಡದ ಹವೆಯಲ್ಲಿ ಎರಡೂ ಬಾಡದೆ ಬೇರೂರುತ್ತವೆ. ಪುದೀನವನ್ನು ಕಡುಬೇಸಿಗೆ ಬಿಟ್ಟು ಯಾವಾಗ ಬೇಕಾದರೂ ನೆಡಬಹುದು. ಕೊತ್ತಂಬರಿಯನ್ನು ಹಿಂಗಾರಿನ ಜೋರು ಮಳೆ ತಗ್ಗಿದ ಮೇಲೆ, ದೀಪಾವಳಿಯ ಆಚೀಚೆ ಬಿತ್ತಿ, ಉಳಿದ ತಿಂಗಳುಗಳಲ್ಲಿ ಆ ಕುಂಡವನ್ನು ಒಂದೆಲಗಕ್ಕೆ ಬಿಟ್ಟುಕೊಡಬಹುದು.