ಮಂಗಳೂರು, ಕೊಚ್ಚಿ, ಬೆಂಗಳೂರು: ನಮ್ಮ ಸರ್ವರಿಗೆ ಯಾವ ಅಂಗಡಿ?

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಬಳಿಯ ಅಡಿಕೆ ವ್ಯಾಪಾರದ ಕಚೇರಿಯೊಂದರ ಕಂಪ್ಯೂಟರ್‌ಗಳನ್ನು ನೋಡಿಕೊಳ್ಳುವ ನಾನು, ಕೆಲವು ವರ್ಷಗಳ ಅಂತರದಲ್ಲಿ ಮೂರು ಊರುಗಳಿಂದ ಮೂರು ಟವರ್ ಸರ್ವರ್ (ಕಚೇರಿಯ ಲೆಕ್ಕವನ್ನು ಇಟ್ಟುಕೊಳ್ಳುವ, ನಿಲ್ಲಿಸಿಡುವ ಪೆಟ್ಟಿಗೆಯ ಕಂಪ್ಯೂಟರ್) ತರಿಸಿದ್ದೇನೆ. ಬೆಂಗಳೂರಿನಿಂದ ಬಂದದ್ದು ಹಳೆಯದನ್ನು ಸರಿಪಡಿಸಿ ಮಾರುವವರದು. ಕೊಚ್ಚಿಯ ಮತ್ತು ಮಂಗಳೂರಿನ ವ್ಯಾಪಾರಿಗಳು ಕೊಟ್ಟದ್ದು ಹೊಸದು.

ಬೆಲೆಯೊಂದನ್ನೇ ನೋಡಿದರೆ ಬೆಂಗಳೂರಿನವರನ್ನು ಮೀರಿಸುವವರಿಲ್ಲ. ಹೊಸದರ ಅರ್ಧ ಹಣಕ್ಕೆ ಪೆಟ್ಟಿಗೆ ಬಾಗಿಲಿಗೆ ಬಂತು. ವಾರಂಟಿ ಅಥವಾ ಸೇವಾ ಒಪ್ಪಂದವಿಲ್ಲದಿದ್ದರೆ ಎಚ್‌ಪಿ ಪ್ರೊಲಯಂಟ್ ಸರ್ವರ್‌ನ ಬಯೋಸ್ (ಯಂತ್ರವನ್ನು ಚಾಲೂ ಮಾಡುವ ಮೂಲ ತಂತ್ರಾಂಶ) ನವೀಕರಣ ಸಿಗುವುದು ಕಷ್ಟ ಎಂಬ ನಿಯಮ 2014ರಿಂದ ಇರುವ ಕಾರಣ, ಹಳೆಯದನ್ನು ಕೊಳ್ಳುವಾಗ ನಾನು ಡೆಲ್ ಆರಿಸಿದ್ದೆ. ಹೊರಗವಚ ಕನ್ನಡಿಯಂತೆ ಹೊಳೆಯುತ್ತಿತ್ತು. ಆದರೆ ಡಿಸ್ಕ್‌ಗಳ ಸ್ಮಾರ್ಟ್ ಮಾಹಿತಿಯನ್ನು (ಡಿಸ್ಕ್ ತನ್ನ ಓಟ, ಆರೋಗ್ಯದ ಬಗ್ಗೆ ತಾನೇ ಇಡುವ ದಾಖಲೆ) ತೆಗೆದು ನೋಡಿದಾಗ, ‘ಹೊಸ ಡಿಸ್ಕ್’ ಎಂದು ಬಿಲ್ಲಿನಲ್ಲಿ ಬರೆದಿದ್ದ ನಾಲ್ಕರಲ್ಲಿ ಎರಡು ಆಗಲೇ 41,000 ಗಂಟೆ, ಅಂದರೆ ನಾಲ್ಕೂವರೆ ವರ್ಷಕ್ಕೂ ಹೆಚ್ಚು ಓಡಿದ್ದವು. ದೂರಿದ ವಾರದೊಳಗೆ ಬದಲಿ ಕಳುಹಿಸಿದರು, ಅದು ಅವರ ಪುಣ್ಯ. ಹಲವು ಡಿಸ್ಕ್‌ಗಳನ್ನು ಒಂದಾಗಿ ನಡೆಸುವ ರೇಡ್ ಕಾರ್ಡಿನ ಬ್ಯಾಟರಿ ಉಬ್ಬಿಕೊಂಡಿದ್ದುದನ್ನು ತೋರಿಸಿದಾಗ ಮಾತ್ರ, ಅದು ವಾರಂಟಿಗೆ ಸೇರದೆಂದು ಫೋನಿಟ್ಟರು.

ಕೊಚ್ಚಿಯವರನ್ನು ಆರಿಸಲು ನಮ್ಮ ಲೆಕ್ಕಿಗರು ಕೊಟ್ಟ ಕಾರಣ ತೆರಿಗೆ. ಅದು ಹುರುಳಿಲ್ಲದ ಕಾರಣ: ಕೇರಳದೊಳಗೆ ಕೊಂಡರೆ ಕೇಂದ್ರಕ್ಕೆ 9 ಮತ್ತು ರಾಜ್ಯಕ್ಕೆ 9, ಗಡಿಯಾಚೆ ಕೊಂಡರೆ ಒಟ್ಟಾಗಿ 18 ಶೇಕಡಾ, ಜಿಎಸ್‌ಟಿ ನೋಂದಣಿಯಿರುವ ನಮಗೆ ಎರಡರಲ್ಲೂ ಕಟ್ಟಿದ ತೆರಿಗೆಯನ್ನು ಹಿಂದಕ್ಕೆ ಹೊಂದಿಸಿಕೊಳ್ಳಬಹುದು. ಅವರ ನಿಜವಾದ ಗುಣ ಬೇರೆಡೆ ಇತ್ತು. ವಾರಂಟಿಯನ್ನು ತಯಾರಕರ ದಾಖಲೆಯಲ್ಲಿ ನಮ್ಮ ಹೆಸರಿಗೇ ಮಾಡಿಸಿ ಕೊಟ್ಟಿದ್ದರು. ಮಿಥುನ ಮಾಸದ ಒಂದು ಶುಕ್ರವಾರ ಸಂಜೆ ಸಿಡಿಲಿಗೆ ಒಂದು ಡಿಸ್ಕ್ ಸತ್ತಾಗ, ‘ಮರು ಕೆಲಸದ ದಿನ’ ಎಂಬ ಕರಾರಿನ ಅರ್ಥ ತಿಳಿಯಿತು: ಶನಿವಾರ, ಭಾನುವಾರ ಎಣಿಕೆಗಿಲ್ಲ, ಸೋಮವಾರ ಹರತಾಳ, ಮಂಗಳವಾರ ಮಧ್ಯಾಹ್ನ ಎಂಜಿನಿಯರ್ ಬಂದರು. ಅಷ್ಟೂ ದಿನ, ಅದೇ ಮಾಹಿತಿಯ ನಕಲು ಇಟ್ಟುಕೊಂಡಿದ್ದ ಜೋಡಿ ಡಿಸ್ಕ್ ಒಂಟಿಯಾಗಿ ಲೆಕ್ಕವನ್ನು ಹೊತ್ತಿತು, ನಾನು ನಿದ್ದೆಗೆಟ್ಟೆ.

ಮಂಗಳೂರಿನವರು ದುಬಾರಿ, ಕೊಟೇಶನ್ ಬರೆಯುವುದರಲ್ಲಿ ಸೋಮಾರಿಗಳು ಕೂಡ. ಬರೀ ‘16 ಜಿಬಿ’ ಎಂದು ನಮೂದಿಸಿ, ಇಸಿಸಿ (ತನ್ನ ತಪ್ಪುಗಳನ್ನು ತಾನೇ ಹಿಡಿದು ತಿದ್ದುವ ಗುಣ) ಇಲ್ಲದ ಮೆಮೊರಿ ಹಾಕಿದ್ದರು. ಸರ್ವರ್ ಅದರಲ್ಲಿಯೂ ಚಾಲೂ ಆದುದರಿಂದ, ಪರದೆಯ ಮೇಲೆ ನೋಡುವವರೆಗೆ ಸುಳಿವೇ ಸಿಗಲಿಲ್ಲ. ಹೇಳಿದ ಮರುದಿನ ಅವರ ಹುಡುಗ ಕುಂಬಳೆ ದಾಟಿ ಬೈಕಿನಲ್ಲಿ ಬಂದು, ಮಳೆಗೆ ತೊಯ್ದ ಚೀಲದೊಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿಟ್ಟಿದ್ದ ಸರಿಯಾದ ಮೆಮೊರಿಯನ್ನು ತೆಗೆದು ಹಾಕಿಕೊಟ್ಟ. ಹಣ ಕೇಳಲಿಲ್ಲ.

ಈ ಸಲದ ಆರ್ಡರು ಮಂಗಳೂರಿಗೇ ಹೋಗಿದೆ. ಮೆಮೊರಿಯ ಸಾಲಿನಲ್ಲಿ ಇಸಿಸಿ ಎಂದು ಬರೆಸಿಕೊಂಡಿದ್ದೇನೆ. ಅದೇ ಮಾದರಿಯ ಎರಡು ಹೆಚ್ಚುವರಿ ಡಿಸ್ಕ್‌ಗಳನ್ನು ಅದೇ ಬಿಲ್ಲಿಗೆ ಸೇರಿಸಿ, ನಮ್ಮ ಕಪಾಟಿನಲ್ಲೇ ಇಡಲು ಹೇಳಿದ್ದೇನೆ.